ರೋಬೋಟಿಕ್ ಐಪಾಮ್ ಅಥವಾ ಇ-ಟೆಪ್: ನನ್ನ ಅನುಭವದ ಉತ್ತರ

ಹಳೆಯ ಆಪರೇಷನ್ ಗಾಯದ ಜಾಗದಲ್ಲಿ 5 ಸೆಂ.ಮೀ. ಅಗಲದ ಹರ್ನಿಯಾ ಇದೆ, ಒಬ್ಬ ವೈದ್ಯರು ರೋಬೋಟಿಕ್ ಐಪಾಮ್ ಎಂದರೆ ಇನ್ನೊಬ್ಬರು ರೋಬೋಟಿಕ್ ಇ-ಟೆಪ್ ಎನ್ನುತ್ತಾರೆ, ಯಾವುದನ್ನು ಒಪ್ಪಲಿ ಎಂದು ಕೇಳಿದ್ದೀರಿ. ನಾನು ಶಸ್ತ್ರಚಿಕಿತ್ಸಕ, ಎರಡನ್ನೂ ಮಾಡುತ್ತೇನೆ. ಯಂತ್ರ ಎರಡರಲ್ಲೂ ಒಂದೇ. ಮೆಶ್, ಅಂದರೆ ಜಾಲರಿ, ಎಲ್ಲಿ ಕೂರುತ್ತದೆ ಎಂಬುದರಲ್ಲೇ ವ್ಯತ್ಯಾಸವೆಲ್ಲ ಇದೆ.

ಐಪಾಮ್‌ನಲ್ಲಿ ಹೊಟ್ಟೆಯ ಗೋಡೆಯಲ್ಲಿರುವ ಹರ್ನಿಯಾದ ರಂಧ್ರವನ್ನು ಹೊಲಿದು, ಮೆಶ್ ಅನ್ನು ಹೊಟ್ಟೆಯೊಳಗೆ, ಕರುಳಿಗೆ ಎದುರಾಗಿ ಕೂರಿಸುತ್ತೇವೆ. ಸ್ನಾಯುಗಳನ್ನು ಬಿಡಿಸುವ ಕೆಲಸವಿಲ್ಲ, ಬೇಗ ಮುಗಿಯುತ್ತದೆ. ಮೆಶ್‌ಗೆ ಕರುಳು ಅಂಟದಂತೆ ಲೇಪನವಿರುತ್ತದೆ. ಆದರೂ ಕೆಲವರಲ್ಲಿ ಅಂಟುತ್ತದೆ. ಮುಂದೆ ಬೇರೆ ಕಾಯಿಲೆಗೆ ಅದೇ ಹೊಟ್ಟೆ ತೆರೆಯಬೇಕಾದಾಗ, ಕರುಳು ಹರಿಯದಂತೆ ಕೂದಲೆಳೆಯಷ್ಟೇ ಬಿಡಿಸುತ್ತಾ ಗಂಟೆಗಟ್ಟಲೆ ನಿಂತಿದ್ದೇನೆ.

ಇ-ಟೆಪ್‌ನಲ್ಲಿ ಕರುಳಿರುವ ಜಾಗಕ್ಕೆ ಆದಷ್ಟು ಕೈಹಾಕುವುದಿಲ್ಲ. ಹೊಟ್ಟೆಯ ನಡುವೆ ಎಡಬಲಕ್ಕೆ ಇಳಿಯುವ ಎರಡು ಉದ್ದ ಸ್ನಾಯುಗಳ ಹಿಂದೆ ಜಾಗ ಬಿಡಿಸಿಕೊಂಡು ಅಲ್ಲಿ ಮೆಶ್ ಹಾಸುತ್ತೇವೆ. ಲೇಪನ ಬೇಡ, ಮೊಳೆಯಂಥ ಟ್ಯಾಕರ್ ಸಾಮಾನ್ಯವಾಗಿ ಬೇಡ, ಹೊಟ್ಟೆಯ ಒತ್ತಡವೇ ಅದನ್ನು ಹಿಡಿದಿಡುತ್ತದೆ. ಆದರೆ ಸ್ನಾಯುವಿನ ಹೊರ ಅಂಚಿನಲ್ಲಿ ಅದಕ್ಕೆ ಜೀವ ಕೊಡುವ ನರಗಳಿವೆ. ಅಲ್ಲಿ ಕೈ ತಪ್ಪಿದರೆ ಹೊಟ್ಟೆಯ ಗೋಡೆ ಸಡಿಲವಾಗಿಬಿಡುತ್ತದೆ. ಆ ಸ್ನಾಯುಗಳ ಹಿಂಬದಿಯ ಹೊದಿಕೆಯಾದ ಹಿಂಪೊರೆಯ ಹೊಲಿಗೆ ಬಿಟ್ಟುಕೊಂಡರೆ ಕರುಳು ಅದರೊಳಗೆ ಸಿಲುಕಿ ತುರ್ತಾಗಿ ಮತ್ತೆ ಆಪರೇಷನ್ ಆಗಬೇಕಾಗುತ್ತದೆ.

ಟ್ಯಾಪ್ ಎಂಬ ಮೂರನೆಯದೂ ಇದೆ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಳಪೊರೆಯನ್ನು ಸುಲಿದು ಅದಕ್ಕೂ ಹೊಟ್ಟೆಯ ಗೋಡೆಗೂ ನಡುವೆ ಮೆಶ್ ಇಡುವುದು. ಚಿಕ್ಕ ಹರ್ನಿಯಾಗೆ ಚೆನ್ನ, ಗಾಯದ ಕಲೆ ಇರುವಲ್ಲಿ ಆ ಪೊರೆ ಹರಿಯುತ್ತಲೇ ಇರುತ್ತದೆ.

ರೋಬೋಟ್ ನಿಜವಾಗಿ ನೆರವಾಗುವುದು ಹೊಲಿಗೆಯಲ್ಲಿ. ಒಳಗಿನಿಂದ ನೋಡಿದರೆ ಹೊಟ್ಟೆಯ ಮುಂಗೋಡೆ ನಮಗೆ ತಲೆಯ ಮೇಲಿನ ಸೂರು. ಲ್ಯಾಪ್ರೋಸ್ಕೋಪಿಯ, ಅಂದರೆ ರೋಬೋಟ್ ಇಲ್ಲದೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್‌ನ, ನೆಟ್ಟನೆಯ ಸಲಕರಣೆಯಿಂದ ಸೂರನ್ನು ಹೊಲಿಯುವುದು ಬಹಳ ಕಷ್ಟ. ರೋಬೋಟಿನ ತುದಿ ಮಣಿಕಟ್ಟಿನಂತೆ ತಿರುಗುತ್ತದೆ. ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿಯ ಒತ್ತಡವನ್ನು 8 mmHg ಆಸುಪಾಸಿಗೆ ಇಳಿಸಿ, ಜಾರದಂತೆ ಸಣ್ಣ ಮುಳ್ಳುಗಳಿರುವ ಮುಳ್ಳುದಾರವನ್ನು ಒಂದೊಂದೇ ಸುತ್ತು ಬಿಗಿಯುವಾಗ ಅಂಚುಗಳು ಮೆಲ್ಲನೆ ಕೂಡಿಕೊಳ್ಳುವುದನ್ನು ಈಗಲೂ ಖುಷಿಯಿಂದ ನೋಡುತ್ತೇನೆ. ಹಾಗೆಂದು ನೋವು ಕಡಿಮೆ, ಬೇಗ ಮನೆಗೆ ಎಂಬ ಜಾಹೀರಾತನ್ನು ನಂಬಬೇಡಿ. 2020ರಲ್ಲಿ ಪ್ರಕಟವಾದ, 124 ರೋಗಿಗಳ ಅಧ್ಯಯನದಲ್ಲಿ ರೋಬೋಟಿಗೂ ಲ್ಯಾಪ್ರೋಸ್ಕೋಪಿಗೂ ಆಸ್ಪತ್ರೆವಾಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಮಯ ಮಾತ್ರ ರೋಬೋಟಿಗೆ 77 ನಿಮಿಷದ ಬದಲು 141 ನಿಮಿಷ ಹಿಡಿಯಿತು. ರೋಬೋಟಿಕ್ ಐಪಾಮ್ ಮತ್ತು ಇ-ಟೆಪ್‌ಗಳನ್ನೇ ಹೋಲಿಸಿದ ಮತ್ತೊಂದು ಅಧ್ಯಯನದಲ್ಲೂ ಏಳನೇ ದಿನದ ನೋವು ಹೆಚ್ಚುಕಡಿಮೆ ಒಂದೇ ಆಗಿತ್ತು.

ನಿಮ್ಮ ವಯಸ್ಸು ಚಿಕ್ಕದಾಗಿದ್ದು, ಮುಂದೆ ಹೊಟ್ಟೆಯ ಆಪರೇಷನ್ ಬರುವ ಸಾಧ್ಯತೆ ಇದ್ದರೆ ನಾನು ಇ-ಟೆಪ್ ಆರಿಸುತ್ತಿದ್ದೆ. ದೀರ್ಘ ಅರಿವಳಿಕೆ ತಡೆಯದ ಹೃದಯ, ಶ್ವಾಸಕೋಶವಾದರೆ ಐಪಾಮ್. ಆದರೆ ಇ-ಟೆಪ್ ಹೇಳಿದ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಇದುವರೆಗೆ ಎಷ್ಟು ಮಾಡಿದ್ದೀರಿ, ಹಿಂಪೊರೆ ಕೂಡದಿದ್ದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ ಅವರು ತಡವರಿಸಿದರೆ, ಚೆನ್ನಾಗಿ ಮಾಡಿದ ಐಪಾಮ್ ನಿಮಗೆ ಹೆಚ್ಚು ಸುರಕ್ಷಿತ.