ಅಡಿಕೆ ರೇಟು ಆಂಡ್ರಾಯ್ಡ್‌ಗೆ ಬರುತ್ತೆ, ಐಫೋನ್‌ಗೆ ಯಾಕಿಲ್ಲ?

ಪ್ರಶ್ನೆ: ಸರ್, ನಮ್ಮ ಕಡೆ ಅಡಿಕೆ ಬೆಳೆಗಾರರಿಗೆ ಅಂತ ಒಂದು ಆ್ಯಪ್ ಮಾಡಿದ್ದೇವೆ. ಶಿವಮೊಗ್ಗ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಷ್ಟಕ್ಕೆ ಹೋಯ್ತು ಅಂತ ಸಂಜೆ ನೋಟಿಫಿಕೇಶನ್ ಕಳಿಸುತ್ತೇವೆ. ಆಂಡ್ರಾಯ್ಡ್‌ನವರಿಗೆ ಬರುತ್ತಿದೆ. ಐಫೋನನ್ನು ಮ್ಯಾಕ್‌ಗೆ ಕೇಬಲ್ ಹಾಕಿ ಓಡಿಸಿದರೂ ಬರುತ್ತೆ. ಟೆಸ್ಟ್‌ಫ್ಲೈಟ್‌ನಿಂದ (ಪರೀಕ್ಷೆಗೆ ಆ್ಯಪ್ ಹಂಚುವ ಆ್ಯಪಲ್‌ನ ವ್ಯವಸ್ಥೆ) ಹಾಕಿಕೊಂಡರೆ ಮಾತ್ರ ಒಂದೂ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ಆನ್ ಇದೆ. ಲಾಗ್‌ನಲ್ಲಿ ‘ಎಪಿಎಸ್-ಎನ್ವಿರಾನ್ಮೆಂಟ್’ ಎಂಟೈಟಲ್‌ಮೆಂಟ್ ಸಿಗಲಿಲ್ಲ ಅನ್ನುತ್ತಿದೆ. ಕೋಡ್ ಎಲ್ಲಿ ತಪ್ಪಿದೆ?
– ಸಾಗರದ ಓದುಗರು

ಉತ್ತರ: ಕೋಡ್ ಮುಟ್ಟಬೇಡಿ, ಅದು ಸರಿಯಾಗಿಯೇ ಇದೆ. ಕೇಬಲ್ ಹಾಕಿದಾಗ ಬರುತ್ತಿದೆ ಅಲ್ವಾ?

ಇಲ್ಲಿ ಪರ್ಮಿಷನ್ ಎರಡು. ಒಂದು ಬಳಸುವವರು ‘ಅಲೋ’ ಒತ್ತಿ ಕೊಡುವುದು. ಇನ್ನೊಂದು ಆ್ಯಪಲ್ ನಿಮ್ಮ ಆ್ಯಪ್‌ಗೆ ಕೊಡುವುದು, ನಿಮ್ಮ ಲಾಗ್ ಹೇಳುವ ಎಂಟೈಟಲ್‌ಮೆಂಟ್ ಅಂದರೆ ಇದೇ. ಈ ಎರಡನೆಯದು ಪ್ರೊವಿಷನಿಂಗ್ ಪ್ರೊಫೈಲ್‌ನಲ್ಲೂ (ಆ್ಯಪ್‌ಗೆ ಏನೇನು ಅನುಮತಿ ಇದೆ ಅಂತ ಆ್ಯಪಲ್ ಕೊಡುವ ಫೈಲ್) ಇರಬೇಕು, ಆ್ಯಪ್‌ನ ಸಹಿಯಲ್ಲೂ ಇರಬೇಕು. ಇಲ್ಲದಿದ್ದರೆ ಡಿವೈಸ್ ಟೋಕನ್ನೇ (ಆ ಫೋನಿನಲ್ಲಿರುವ ಆ್ಯಪ್‌ನ ವಿಳಾಸ ಇದ್ದ ಹಾಗೆ) ಸಿಗಲ್ಲ, ಟೋಕನ್ ಇಲ್ಲದೆ ನಿಮ್ಮ ಸರ್ವರ್ ಯಾರಿಗೆ ಅಂತ ಕಳಿಸುತ್ತೆ? ಹಾಗಾಗಿ ದಯವಿಟ್ಟು ಬೆಳೆಗಾರರಿಗೆ ಸುಮ್ನೆ ‘ಡಿಲೀಟ್ ಮಾಡಿ ಮತ್ತೆ ಹಾಕಿ’ ಅಂತ ಹೇಳಬೇಡಿ. ಮೂಟೆ ಮನೆಯಲ್ಲಿಟ್ಟು ರೇಟು ಕಾಯುತ್ತಾ ಕೂತವರಿಗೆ ಅದರಿಂದ ಏನೂ ಆಗಲ್ಲ.

ಮೊದಲು ನೀವು ಆ್ಯಪ್ ತಯಾರಿಸುವ ಎಕ್ಸ್‌ಕೋಡ್‌ನ ಬಿಲ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಕೋಡ್ ಸೈನಿಂಗ್ ಎಂಟೈಟಲ್‌ಮೆಂಟ್ಸ್’ ಅನ್ನುವ ಸಾಲು ಹುಡುಕಿ. ಪಕ್ಕದ ಬಾಣ ಒತ್ತಿದರೆ ಡಿಬಗ್ (ಕೇಬಲ್ ಹಾಕಿ ಓಡಿಸುವಾಗಿನದು), ರಿಲೀಸ್ (ಟೆಸ್ಟ್‌ಫ್ಲೈಟ್‌ಗೆ ಹೋಗುವುದು) ಅಂತ ಎರಡು ಸಾಲು ಕಾಣುತ್ತೆ. ಡಿಬಗ್ ಮುಂದೆ ಫೈಲ್ ಹೆಸರಿದ್ದು ರಿಲೀಸ್ ಮುಂದೆ ಖಾಲಿ ಇದ್ದರೆ ಸಮಸ್ಯೆ ಅಲ್ಲೇ. ನೀವು ಹೇಳುವುದಕ್ಕೂ ಇದಕ್ಕೂ ಸರಿಯಾಗಿ ತಾಳೆ ಬೀಳುತ್ತೆ. ಆ್ಯಪ್ ಅಪ್‌ಲೋಡ್ ಮಾಡಿದ ಮೇಲೆ ಆ್ಯಪಲ್‌ನಿಂದ ‘ಐಟಿಎಂಎಸ್-90078’ ಅಂತ ಒಂದು ಮೇಲ್ ಬಂದಿರಬಹುದು, ಅದರಲ್ಲಿ ಪುಶ್ (ಸರ್ವರ್‌ನಿಂದ ಬರುವ ನೋಟಿಫಿಕೇಶನ್) ಎಂಟೈಟಲ್‌ಮೆಂಟ್ ಇಲ್ಲ ಅಂತಲೇ ಬರೆದಿರುತ್ತೆ. ಅಪ್‌ಲೋಡ್ ನಿಲ್ಲಲ್ಲ, ಅದಕ್ಕೇ ಆ ಮೇಲನ್ನು ಯಾರೂ ತೆರೆಯಲ್ಲ. ಅಕೌಂಟ್ ಯಾರ ಹೆಸರಲ್ಲಿದೆಯೋ ಅವರನ್ನು ಕೇಳಿ.

ಅದು ಸರಿ ಇದ್ದರೆ ಪ್ರೊಫೈಲ್ ನೋಡಿ. ಅಪ್‌ಲೋಡ್‌ಗೆ ತಯಾರಾದ ಆ್ಯಪ್‌ನ ಐಪಿಎ ಫೈಲಿನ ಕೊನೆಗೆ ಜಿಪ್ ಅಂತ ಬದಲಿಸಿ ಬಿಚ್ಚಿ. ಪೇಲೋಡ್ ಫೋಲ್ಡರಿನ ಆ್ಯಪ್ ಒಳಗೆ ‘ಎಂಬೆಡೆಡ್.ಮೊಬೈಲ್‌ಪ್ರೊವಿಷನ್’ ಅಂತ ಒಂದು ಫೈಲ್ ಇರುತ್ತೆ, ಅದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಮೇಲೆ ಕೆಳಗೆ ಅರ್ಥವಾಗದ ಅಕ್ಷರ ಜಾಸ್ತಿ, ಗಾಬರಿ ಬೇಡ, ನಡುವೆ ಓದಬಹುದು. ಎಪಿಎಸ್-ಎನ್ವಿರಾನ್ಮೆಂಟ್ ಹುಡುಕಿ, ಮುಂದೆ ‘ಪ್ರೊಡಕ್ಷನ್’ ಅಂತ ಇರಬೇಕು. ಆ ಸಾಲೇ ಇಲ್ಲದಿದ್ದರೆ ಆ್ಯಪ್ ಐಡಿಗೆ ಪುಶ್ ಆನ್ ಮಾಡುವ ಮೊದಲೇ ಆ ಪ್ರೊಫೈಲ್ ತಯಾರಾಗಿದೆ. ಆಮೇಲೆ ಟಿಕ್ ಹಾಕಿದರೆ ಹಳೆಯ ಪ್ರೊಫೈಲ್ ತಾನಾಗಿ ಬದಲಾಗಲ್ಲ, ಹೊಸದಾಗಿ ಮಾಡಿ ಇಳಿಸಿಕೊಳ್ಳಬೇಕು. ಆಟೋಮ್ಯಾಟಿಕ್ ಸೈನಿಂಗ್ ಇದ್ದರೆ ಎಕ್ಸ್‌ಕೋಡೇ ನೋಡಿಕೊಳ್ಳುತ್ತೆ. ಆದರೆ ಬಿಲ್ಡ್ ಬೇರೆ ಮಷಿನ್‌ನಲ್ಲಿ ಆಗುತ್ತಿದ್ದರೆ ಅಲ್ಲಿ ಹಳೆಯದೇ ಉಳಿದಿರಬಹುದು. ಹಾಗೇ, ಆ್ಯಪ್ ಐಡಿಯಲ್ಲಿ ನಕ್ಷತ್ರ ಗುರುತು ಇದ್ದರೆ ಪುಶ್ ಬರಲ್ಲ, ಪೂರ್ತಿ ಹೆಸರಿನ ಐಡಿಯೇ ಬೇಕು.

ಪ್ರೊಫೈಲ್‌ನಲ್ಲಿ ಸಾಲು ಇದ್ದೂ ಟೋಕನ್ ಬರಲಿಲ್ಲ ಅಂದರೆ ಟರ್ಮಿನಲ್‌ನಲ್ಲಿ ಕೋಡ್‌ಸೈನ್ ಕಮಾಂಡ್‌ನಿಂದ ಆ್ಯಪ್‌ನ ಸಹಿ ನೋಡಿ. ಅಲ್ಲಿ ಇಲ್ಲದಿದ್ದರೆ ಮತ್ತೆ ಆ ರಿಲೀಸ್ ಸಾಲಿಗೇ ಬನ್ನಿ.

ಪ್ರಶ್ನೆ: ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಮಳೆ ಬಿಡುವು ತಿಳಿಸುವ ಆ್ಯಪ್ ನಮ್ಮದು. ಟೋಕನ್ ಬರುತ್ತಿದೆ, ಕಳಿಸಿದರೆ ‘ಬ್ಯಾಡ್ ಡಿವೈಸ್ ಟೋಕನ್’ ಅನ್ನುತ್ತೆ.
– ತೀರ್ಥಹಳ್ಳಿಯ ಓದುಗರು

ಉತ್ತರ: ಹೆಚ್ಚಾಗಿ ವಿಳಾಸದ ಗೊಂದಲ. ಕೇಬಲ್ ಹಾಕಿ ಓಡಿಸಿದ ಆ್ಯಪ್‌ನ ಟೋಕನ್ ಆ್ಯಪಲ್‌ನ ಸ್ಯಾಂಡ್‌ಬಾಕ್ಸ್ (ಪರೀಕ್ಷೆಯ) ಸರ್ವರ್‌ಗೆ ಸೇರಿದ್ದು. ಟೆಸ್ಟ್‌ಫ್ಲೈಟ್, ಆ್ಯಪ್ ಸ್ಟೋರ್‌ನ ಟೋಕನ್ ಪ್ರೊಡಕ್ಷನ್ (ನಿಜ ಬಳಕೆಯ) ಸರ್ವರ್‌ಗೆ. ನಿಮ್ಮ ಡೇಟಾಬೇಸ್‌ನಲ್ಲಿ ಎರಡೂ ಬೆರೆತಿರುತ್ತೆ. ಪ್ರತಿ ಟೋಕನ್ ಜೊತೆ ಅದು ಯಾವುದು ಅಂತಲೂ ಬರೆದಿಡಿ. ಗಾಬರಿಯಲ್ಲಿ ಪುಶ್ ಕೀ (ನಿಮ್ಮ ಸರ್ವರ್ ನೋಟಿಫಿಕೇಶನ್ ಕಳಿಸಲು ಬಳಸುವ ಕೀಲಿ) ರದ್ದು ಮಾಡಬೇಡಿ, ಈಗ ಬರುತ್ತಿರುವವರಿಗೂ ನಿಂತುಹೋಗುತ್ತೆ.

ಪ್ರಶ್ನೆ: ನನ್ನದು ಉಚಿತ ಆ್ಯಪಲ್ ಐಡಿ, ಪುಶ್ ಸೇರಿಸಲು ಬಿಡುತ್ತಿಲ್ಲ.
– ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಉಚಿತ ಅಕೌಂಟ್‌ಗೆ ಪುಶ್ ಇಲ್ಲಮ್ಮ, ವರ್ಷಕ್ಕೆ 99 ಡಾಲರ್‌ನ ಸದಸ್ಯತ್ವ ಬೇಕು. ಕಾಲೇಜು ಪ್ರಾಜೆಕ್ಟ್‌ಗೆ ಅಷ್ಟು ದುಡ್ಡು ಹಾಕಬೇಡ. ಎಕ್ಸ್‌ಕೋಡ್ 11.4ರಿಂದ ಸಿಮ್ಯುಲೇಟರ್ (ಮ್ಯಾಕ್ ಪರದೆಯಲ್ಲೇ ಓಡುವ ಐಫೋನ್) ಮೇಲೆ ನೋಟಿಫಿಕೇಶನ್ ಬರೆದಿಟ್ಟ ಒಂದು ಎಪಿಎನ್‌ಎಸ್ ಫೈಲ್ ಎಳೆದು ಬಿಟ್ಟರೆ ನೋಟಿಫಿಕೇಶನ್ ಬರುತ್ತೆ. ಆ್ಯಪ್‌ನಲ್ಲಿ ‘ಅಲೋ’ ಕೇಳುವ ಕೋಡ್ ಇದ್ದರೆ ಸಾಕು.