ಮಗುವಿನ ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವ ರೋಗ) ಆಪರೇಷನ್ ಆಗಿ ಕಣ್ಣಿನ ಒತ್ತಡ ಇಳಿದಿದೆ. ಈಗ ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಹಾಕಿ ಎನ್ನುತ್ತಿದ್ದಾರೆ, ಯಾಕೆ?

ಆಪರೇಷನ್ ಕಣ್ಣಿನ ನರವನ್ನು ಕಾಪಾಡುತ್ತದೆ. ಆ ಕಣ್ಣಿನಿಂದ ನೋಡುವುದನ್ನು ಮೆದುಳು ಇನ್ನೂ ಕಲಿಯಬೇಕು. ದಯವಿಟ್ಟು ಪ್ಯಾಚ್ ಹಾಕುವುದನ್ನು ಮುಂದೂಡಬೇಡಿ, ವಯಸ್ಸು ಏರಿದಷ್ಟೂ ಫಲ ಕಡಿಮೆ.

ಹುಟ್ಟಿನಿಂದ ಬರುವ ಗ್ಲಾಕೋಮಾದಲ್ಲಿ ಕಣ್ಣೊಳಗಿನ ನೀರು ಹೊರಹೋಗುವ ಜಾಲರಿ ಸರಿಯಾಗಿ ಬೆಳೆದಿರುವುದಿಲ್ಲ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತಿಳಿಯಾಗಿದ್ದರೆ ಗೋನಿಯಾಟಮಿ, ಮಬ್ಬಾಗಿದ್ದರೆ ಟ್ರಾಬೆಕ್ಯುಲಾಟಮಿ ಮಾಡಿ ದಾರಿ ಬಿಡಿಸುತ್ತಾರೆ. ಅಷ್ಟರಲ್ಲಿ ಎಳೆಯ ಕಣ್ಣು ಒತ್ತಡಕ್ಕೆ ಹಿಗ್ಗಿರುತ್ತದೆ: ಹುಟ್ಟಿದಾಗ ಸುಮಾರು 10 ಮಿ.ಮೀ. ಇರುವ ಕಾರ್ನಿಯಾ ವರ್ಷ ತುಂಬುವ ಮೊದಲೇ 12 ದಾಟಿರಬಹುದು. ಕಣ್ಣು ಉದ್ದವಾಗಿ ಮೈನಸ್ ನಂಬರ್ ಬರುತ್ತದೆ. ಕಾರ್ನಿಯಾದ ಒಳಪದರ ಬಿರಿದ ಕಡೆ ಗೆರೆ ಉಳಿದು ಸಿಲಿಂಡರ್ ನಂಬರ್ ಸೇರಿಕೊಳ್ಳುತ್ತದೆ. ಒಂದೇ ಕಣ್ಣಿಗೆ ಹೀಗಾದರೆ ಮೆದುಳು ಸ್ಪಷ್ಟವಾಗಿ ಕಾಣುವ ಕಣ್ಣನ್ನೇ ನೆಚ್ಚಿಕೊಂಡು ಇನ್ನೊಂದನ್ನು ಕೈಬಿಡುತ್ತದೆ. ಇದೇ ಆಂಬ್ಲಿಯೋಪಿಯಾ. ಚೆನ್ನಾಗಿರುವ ಕಣ್ಣನ್ನು ಮುಚ್ಚಿದರೆ ಮೆದುಳು ಕೈಬಿಟ್ಟ ಕಣ್ಣನ್ನು ಬಳಸಲೇಬೇಕಾಗುತ್ತದೆ.

ಮೊದಲು ಪೂರ್ತಿ ನಂಬರಿನ ಕನ್ನಡಕ, ದಿನವಿಡೀ. ಆಮೇಲೆ ಪ್ಯಾಚ್: ಸಾಮಾನ್ಯವಾಗಿ ಮಧ್ಯಮ ಮಟ್ಟಕ್ಕೆ ದಿನಕ್ಕೆ 2 ಗಂಟೆ, ತೀವ್ರವಾಗಿದ್ದರೆ 6 ಗಂಟೆ, ನಿಮ್ಮ ಮಗುವಿಗೆ ಎಷ್ಟೆಂದು ವೈದ್ಯರೇ ಹೇಳಬೇಕು. ಪ್ಯಾಚನ್ನು ಚರ್ಮಕ್ಕೇ ಅಂಟಿಸಿ, ಮೇಲೆ ಕನ್ನಡಕ ಹಾಕಿ. ಗಾಜಿಗೆ ಬಟ್ಟೆ ಕಟ್ಟಿದರೆ ಮಗು ಪಕ್ಕದಿಂದ ಇಣುಕಿ ನೋಡುತ್ತದೆ, ಗಂಟೆಗಳೆಲ್ಲ ವ್ಯರ್ಥ. ಮುಚ್ಚುವ ಕಣ್ಣಿಗೂ ಟ್ರಾಬೆಕ್ಯುಲೆಕ್ಟಮಿ (ನೀರು ಹೊರಹೋಗಲು ಹೊಸ ದಾರಿ ಮಾಡುವ ಬೇರೆ ಆಪರೇಷನ್) ಆಗಿದ್ದರೆ ಮೇಲ್ರೆಪ್ಪೆಯ ಕೆಳಗೆ ನೀರಿನ ಗುಳ್ಳೆಯಂಥ ಬ್ಲೆಬ್ ಇರುತ್ತದೆ. ಅದನ್ನು ಒತ್ತದ, ಉಜ್ಜದ ಪ್ಯಾಚ್ ಯಾವುದೆಂದು ಮೊದಲೇ ಕೇಳಿಕೊಳ್ಳಿ.

ದೃಷ್ಟಿ ಪರೀಕ್ಷೆಯಲ್ಲಿ ಒಂದು ವಿಷಯ ತಪ್ಪಿಹೋಗುತ್ತದೆ. ಆಂಬ್ಲಿಯೋಪಿಯಾ ಇರುವ ಕಣ್ಣು ಒಂಟಿ ಅಕ್ಷರವನ್ನು ಗುರುತಿಸುತ್ತದೆ, ಅದೇ ಅಕ್ಷರ ಸಾಲಿನ ನಡುವೆ ಬಂದರೆ ತಡವರಿಸುತ್ತದೆ. ಹಾಗಾಗಿ ಸಾಲಿನ ಚಾರ್ಟಿನಲ್ಲೇ, ಪ್ರತಿ ಸಲ ಒಂದೇ ಬಗೆಯ ಚಾರ್ಟಿನಲ್ಲಿ ನೋಡಲು ಹೇಳಿ. ಪ್ಯಾಚ್ ಹಾಕುವ ಕಣ್ಣನ್ನೂ ಅಳೆಯಬೇಕು. ಮುಚ್ಚುವುದು ಅತಿಯಾದರೆ ಅದರ ದೃಷ್ಟಿಯೂ ಕುಗ್ಗಬಹುದು. ನರ ಸತ್ತು ಹೋದ ನೋಟವನ್ನು ಪ್ಯಾಚ್ ತರಲಾರದು. ಆದರೆ ಎಷ್ಟು ನಷ್ಟ ನರದ್ದು, ಎಷ್ಟು ಆಂಬ್ಲಿಯೋಪಿಯಾದ್ದು ಎಂಬುದು ಕೆಲವು ತಿಂಗಳು ನಿಷ್ಠೆಯಿಂದ ಹಾಕಿದ ಮೇಲೆಯೇ ತಿಳಿಯುವುದು.

ಮೈನಸ್ ನಂಬರ್ ಬೇಗ ಬೇಗ ಏರುತ್ತಿದ್ದರೆ ಹೊಸ ಕನ್ನಡಕಕ್ಕೆ ಮೊದಲು ಒತ್ತಡ ಅಳೆಸಿ. ಕಣ್ಣು ಮತ್ತೆ ಹಿಗ್ಗುತ್ತಿರಬಹುದು. ನೀರು ಸುರಿಯುವುದು, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಕಾರ್ನಿಯಾ ಮಬ್ಬಾಗುವುದು ಕೂಡ ಅದೇ ಸೂಚನೆ. ಬ್ಲೆಬ್ ಇರುವ ಕಣ್ಣು ಕೆಂಪಾಗಿ ಕೀವು ಕಂಡರೆ, ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದರೂ, ಅಂದೇ ಆಸ್ಪತ್ರೆಗೆ ಹೋಗಿ.