ಕರೆಂಟು ಹೋದ ರಾತ್ರಿ ಮೀನು ಮೇಲೆ ಬಂದು ಬಾಯಿ ತೆರೆದರೆ

ಪ್ರಶ್ನೆ: ನಮ್ಮ ಮನೆ ವಿಜಯಪುರದಲ್ಲಿದೆ. ಸುಮಾರು 80 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿಯಲ್ಲಿ ಎಂಟು ಗೋಲ್ಡ್ ಫಿಶ್ ಇದ್ದವು. ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಹೋದ ಕರೆಂಟು ಬಂದದ್ದು ಬೆಳಗಿನ ಜಾವ. ಅಷ್ಟರಲ್ಲಿ ಮೂರು ಮೀನು ಸತ್ತಿದ್ದವು. ಇನ್ವರ್ಟರ್ ಇದೆ, ತೊಟ್ಟಿಯ ಪ್ಲಗ್ಗು ಅದಕ್ಕೆ ಸೇರಿಲ್ಲ. ಯಾವ ಉಪಕರಣ ಕೊಳ್ಳಬೇಕು? ಬಿಸಿಲಿಗೆ ಐಸ್ ಹಾಕಬಹುದೇ?

ಉತ್ತರ: ಉಪಕರಣದ ಮಾತು ಆಮೇಲೆ. ಸತ್ತ ಮೂರರ ಜಾಗಕ್ಕೆ ಹೊಸ ಮೀನು ತರಬೇಡಿ. ಎಂಟು ಗೋಲ್ಡ್ ಫಿಶ್‌ಗೆ 80 ಲೀಟರ್ ಯಾವತ್ತೂ ಸಾಲದು. ನೀರಿಗೆ ಗಾಳಿ ಊದುವ ಪಂಪು ಗುರುಗುಟ್ಟುತ್ತಿರುವಷ್ಟು ಹೊತ್ತು ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಉಳಿದ ಐದರಲ್ಲೂ ಎರಡು ಮೂರನ್ನು ದೊಡ್ಡ ತೊಟ್ಟಿ ಇರುವವರಿಗೆ ಕೊಟ್ಟರೆ, ಮುಂದಿನ ಸಲ ಕರೆಂಟು ಹೋದಾಗ ನಿಮಗೆ ಹಲವು ಗಂಟೆಗಳ ಬಿಡುವು ಸಿಗುತ್ತದೆ. ಯಾವ ಅಂಗಡಿಯಲ್ಲೂ ಆ ಬಿಡುವು ಮಾರಾಟಕ್ಕಿಲ್ಲ.

ಇದರ ಹಿಂದಿನ ಲೆಕ್ಕ ಸರಳ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಅದೇ ಬಿಸಿಗೆ ಮೀನಿನ ಉಸಿರಾಟವೂ ಏರುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಆಗುವುದು ಇದೇ: ಆದಾಯ ಇಳಿದಾಗಲೇ ಖರ್ಚು ಹೆಚ್ಚುತ್ತದೆ. ತೊಟ್ಟಿಯಲ್ಲಿ ಹಸಿರು ಗಿಡಗಳಿದ್ದರೂ ಕತ್ತಲಾದ ಮೇಲೆ ಅವೂ ಆಮ್ಲಜನಕ ತಿನ್ನುವ ಬಾಯಿಗಳೇ.

ಗಾಳಿಯ ಪಂಪು 3ರಿಂದ 5 ವ್ಯಾಟ್ ನುಂಗುತ್ತದೆ. ಇನ್ವರ್ಟರ್ ಮೇಲೆ ಓಡುವ ಸಾಮಾನ್ಯ ಸೀಲಿಂಗ್ ಫ್ಯಾನ್ 70-75 ವ್ಯಾಟ್ ಬೇಡುತ್ತದೆ. ಒಂದು ಫ್ಯಾನಿನ ಪಾಲಿನಲ್ಲಿ ಹದಿನೈದು ಪಂಪುಗಳು! ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ತೊಟ್ಟಿಯ ಬಳಿಯ ಒಂದು ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಸೇರಿಸಿ. ಅದಕ್ಕೆ ಪಂಪು ಮಾತ್ರ ಇರಲಿ. ದೀಪವೂ ಬೇಡ, ಹೀಟರಂತೂ ಬೇಡವೇ ಬೇಡ. ಇನ್ವರ್ಟರ್ ಕೂಡ ಕೈಕೊಡುವ ರಾತ್ರಿಗಾಗಿ ಒಂದು ಯುಎಸ್‌ಬಿ ಪಂಪು ಇಟ್ಟುಕೊಳ್ಳಿ. 10,000 ಎಂಎಎಚ್ ಪವರ್ ಬ್ಯಾಂಕ್ ಅದನ್ನು ರಾತ್ರಿಯಿಡೀ ನಡೆಸಬಲ್ಲದು. ಆದರೆ ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ಹೊರೆಯನ್ನು ಹೊರೆಯೆಂದೇ ಎಣಿಸದೆ ಸ್ವಲ್ಪ ಹೊತ್ತಿಗೆ ತಾವೇ ಆರಿಹೋಗುತ್ತವೆ. ಕರೆಂಟು ಇರುವ ದಿನವೇ ಒಂದು ಗಂಟೆ ಓಡಿಸಿ ಪರೀಕ್ಷಿಸಿ.

ಇನ್ನೊಂದು ವಿಷಯ, ನನ್ನ ಕಾಲೇ ಒದ್ದೆಯಾಗಿ ಕಲಿತದ್ದು. ಪಂಪನ್ನು ತೊಟ್ಟಿಗಿಂತ ಕೆಳಗೆ, ಸ್ಟ್ಯಾಂಡಿನ ಬುಡದಲ್ಲಿ ಇಟ್ಟಿದ್ದೆ. ನಡುರಾತ್ರಿ ಕರೆಂಟು ಹೋಯಿತು. ಗಾಳಿ ನಿಂತ ನಳಿಗೆಯಲ್ಲಿ ನೀರು ಹಿಮ್ಮುಖವಾಗಿ ಇಳಿದು, ಪಂಪಿನ ಹೊಟ್ಟೆ ತುಂಬಿ, ನೆಲಕ್ಕೆ ಹರಿದಿತ್ತು. ಕತ್ತಲಲ್ಲಿ ಮೊಬೈಲ್ ಹುಡುಕುತ್ತ ಎದ್ದವನ ಅಂಗಾಲಿಗೆ ತಣ್ಣನೆಯ ಫರಸಿ ತಾಗಿದಾಗಲೇ ಸಂಗತಿ ತಿಳಿದದ್ದು. ನಳಿಗೆಯ ನಡುವೆ, ನೀರು ಹಿಂದಕ್ಕೆ ಬಾರದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿ. ಅದರ ಬೆಲೆ ಜುಜುಬಿ. ಇಲ್ಲವೇ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ತೂಗುಹಾಕಿ.

ಏನೂ ಇಲ್ಲದ ರಾತ್ರಿ ಚೊಂಬು ಸಾಕು. ತೊಟ್ಟಿಯದೇ ನೀರನ್ನು ಮೊಗೆದು ಗೇಣೆತ್ತರದಿಂದ ಮತ್ತೆ ತೊಟ್ಟಿಗೆ ಸುರಿಯಿರಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಪ್ಪತ್ತು ಚೊಂಬು. ಪಂಪಿನ ಗುಳ್ಳೆಗಳು ಮಾಡುವುದೂ ಬಹುಪಾಲು ಇದನ್ನೇ: ತಳದ ನೀರನ್ನು ಮೇಲೆ ತಂದು ಗಾಳಿಗೆ ಒಡ್ಡುವುದು. ಮುಚ್ಚಳ ತೆಗೆದು ಬಲೆ ಹೊದಿಸಿ. ಆಹಾರ ಬೇಡ, ಜೀರ್ಣಿಸಲಿಕ್ಕೂ ಆಮ್ಲಜನಕ ಬೇಕು, ತಿನ್ನದೆ ಉಳಿದದ್ದು ಕೊಳೆಯುತ್ತದೆ. ಆರೋಗ್ಯವಾಗಿರುವ ಗೋಲ್ಡ್ ಫಿಶ್ ಎರಡು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ, ಸಂಕಟವೆಲ್ಲ ಮನೆಯ ಮಕ್ಕಳಿಗೆ.

ಐಸನ್ನು ನೇರವಾಗಿ ಹಾಕಬೇಡಿ. ಒಂದು ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಿ. ನಿಮ್ಮ 80 ಲೀಟರನ್ನು ಅದು ಒಂದು ಡಿಗ್ರಿಯಷ್ಟೋ ಸ್ವಲ್ಪ ಹೆಚ್ಚೋ ತಂಪಾಗಿಸುತ್ತದೆ, ಮೀನಿಗೆ ತಡೆಯುವ ಇಳಿತವೂ ಅಷ್ಟೇ. ಇದಕ್ಕಿಂತ ನಮ್ಮ ಒಣಹವೆಯೇ ಒಳ್ಳೆಯ ಯಂತ್ರ. ನೀರು ತುಂಬಿದ ಹರವಿಗೆ ಒದ್ದೆ ಬಟ್ಟೆ ಸುತ್ತಿ ಬಾಗಿಲ ಗಾಳಿಗೆ ಇಡುತ್ತೇವಲ್ಲ, ಅದೇ ಉಪಾಯ ಗಾಜಿನ ತೊಟ್ಟಿಗೂ ನಡೆಯುತ್ತದೆ. ಇನ್ವರ್ಟರ್ ಫ್ಯಾನಿನ ಗಾಳಿ ತೆರೆದ ನೀರಿನ ಮೇಲೆ ಬೀಸುವಂತಿದ್ದರೆ ಇನ್ನೂ ಲೇಸು.

ಪ್ರಶ್ನೆ: ಬಾಗಲಕೋಟೆಯ ನವನಗರದಿಂದ ಬರೆಯುತ್ತಿದ್ದೇನೆ. ಎಂಟು ಗಂಟೆಯ ನಂತರ ಕರೆಂಟು ಬಂದು ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ಶುರುವಾದಾಗ ಕೊಳೆತ ವಾಸನೆಯ ನೀರು ಬಂತು. ಅಲ್ಲಿಯವರೆಗೆ ಚೆನ್ನಾಗಿದ್ದ ಮೀನುಗಳು ಆಗ ತೇಕತೊಡಗಿದವು. ಏಕೆ?

ಉತ್ತರ: ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಕಳೆಯುವ, ಫಿಲ್ಟರಿನೊಳಗಿನ ಉಪಕಾರಿ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಮುಗಿದು, ಬ್ಯಾಕ್ಟೀರಿಯಾ ಸಾಯತೊಡಗಿ, ಒಳಗಿನ ಕಸ ಕೊಳೆಯುತ್ತದೆ. ಮೋಟಾರು ತಿರುಗಿದ ಕ್ಷಣ ಆ ವಿಷವೆಲ್ಲ ತೊಟ್ಟಿಗೆ ಬರುತ್ತದೆ. ಕರೆಂಟು ಹೋಗಿ ಎರಡು ಮೂರು ಗಂಟೆ ದಾಟಿದರೆ ಫಿಲ್ಟರಿನ ಪ್ಲಗ್ಗು ಕಿತ್ತಿಡಿ. ಮತ್ತೆ ಹಚ್ಚುವ ಮುನ್ನ ಡಬ್ಬಿಯ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ಬಕೆಟ್ಟಿಗೆ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತೊಳೆದರೆ ಬದುಕಿ ಉಳಿದವೂ ಹೋಗುತ್ತವೆ. ಅನಂತರದ ಒಂದು ವಾರ ಅಮೋನಿಯಾ ಪರೀಕ್ಷಿಸುತ್ತ, ಅರೆಹೊಟ್ಟೆ ಊಟ ಹಾಕಿ.

ಪ್ರಶ್ನೆ: ಬೆಳಗಾವಿಯಲ್ಲಿ ನನ್ನ ಬಳಿ ಒಂದೇ ಒಂದು ಫೈಟರ್ ಮೀನಿದೆ. ಪಂಪು ಇಲ್ಲ. ಕರೆಂಟು ಹೋದರೆ ಭಯವೇ?

ಉತ್ತರ: ಉಸಿರಿನ ಭಯವಿಲ್ಲ. ಅದು ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸಬಲ್ಲದು. ಭಯವಿರುವುದು ನಿಮ್ಮೂರಿನ ಡಿಸೆಂಬರ್ ಚಳಿಯದು. ಹೀಟರ್ ನಿಂತ ರಾತ್ರಿ ತೊಟ್ಟಿಗೆ ನಾಲ್ಕೂ ಕಡೆ ಕಂಬಳಿ ಸುತ್ತಿ. ಮೇಲ್ಗಡೆ ಮಾತ್ರ ಎರಡು ಬೆರಳಿನಷ್ಟು ಸಂದು ಬಿಡಿ.